ಬ್ಯಾಟರಿ ಗರಗಸ: ಶೂ ಒತ್ತಿರಬೇಕು, ತುದಿ ಹೊರಗಿರಬೇಕು

ಗ್ರೈಂಡರ್ ಹಿಡಿದು ಕೈ ಪಳಗಿದವರೇ ರೆಸಿಪ್ರೊಕೇಟಿಂಗ್ ಸಾ ಹಿಡಿದಾಗ ಮೊದಲು ತಪ್ಪುವುದು. ಗ್ರೈಂಡರಿನ ಚಕ್ರ ಒಂದೇ ದಿಕ್ಕಿಗೆ ತಿರುಗುತ್ತದೆ. ಅದನ್ನು ಗಾಳಿಯಲ್ಲೇ ತೂಗಿ ಹಿಡಿದು, ಮೆಲ್ಲಗೆ ತಾಗಿಸುತ್ತ ಕೊಯ್ಯುವುದು ರೂಢಿ. ಈ ಗರಗಸದ ಬ್ಲೇಡು ಹಿಂದಕ್ಕೂ ಮುಂದಕ್ಕೂ ಓಡುತ್ತದೆ: ಒಂದು ಸಲಕ್ಕೆ 28ರಿಂದ 32 ಮಿ.ಮೀ., ಪೂರ್ತಿ ವೇಗದಲ್ಲಿ ನಿಮಿಷಕ್ಕೆ ಸುಮಾರು ಮೂರು ಸಾವಿರ ಸಲ. ಇದನ್ನೂ ಹಾಗೇ ತೂಗಿ ಹಿಡಿದರೆ ಬ್ಲೇಡು ವಸ್ತುವನ್ನು ಕೊಯ್ಯುವ ಬದಲು ಯಂತ್ರವನ್ನೂ ಹಿಡಿದವರ ರಟ್ಟೆಯನ್ನೂ ಎಳೆದಾಡುತ್ತದೆ.

ಅಂಗಡಿಯಲ್ಲಿ ಸೇಬರ್ ಸಾ ಎಂದರೂ ಇದೇ. ಅಮೆರಿಕದ ಮಿಲ್ವಾಕೀ ಕಂಪನಿ 1951ರಲ್ಲಿ ‘ಸಾಝಾಲ್’ ಎಂಬ ಹೆಸರಿನಲ್ಲಿ ತಂದದ್ದು ವಯರಿನ ಯಂತ್ರ. ಈಗ ನಮ್ಮ ಕಡೆ ಪ್ಲಂಬರು, ಹಳೇ ಮನೆ ಕೆಡವುವವರು, ತೋಟದವರು ಕೊಳ್ಳುತ್ತಿರುವವು ಬಹುಪಾಲು 18 ವೋಲ್ಟಿನ ಲಿಥಿಯಂ ಬ್ಯಾಟರಿಯವು. ಬ್ಯಾಟರಿ ಸೇರಿ ಮೂರೂವರೆ, ನಾಲ್ಕು ಕಿಲೋ ತೂಕ. ವಯರ್ ಇಲ್ಲವೆಂದು ಸದರ ಮಾಡಬೇಡಿ. ಪ್ಲಗ್ ಕಿತ್ತರೆ ವಯರಿನ ಯಂತ್ರ ಸತ್ತಂತೆ. ಬ್ಯಾಟರಿ ಒಳಗಿರುವ ಯಂತ್ರಕ್ಕೆ ಚೀಲದೊಳಗೂ ಜೀವ ಇರುತ್ತದೆ. ಕೆಲಸ ನಿಂತಾಗ ಟ್ರಿಗರ್ ಲಾಕ್ ಹಾಕಿ, ಸಾಗಿಸುವಾಗ ಬ್ಯಾಟರಿಯನ್ನೇ ತೆಗೆದಿಡಿ.

ಶೂ ಮತ್ತು ತುದಿ

ಬ್ಲೇಡು ಹೊರಬರುವ ಬಾಯಿಗೆ ಹಿಂದೆ ಮುಂದೆ ವಾಲುವ ಒಂದು ಕಬ್ಬಿಣದ ಪಟ್ಟಿ ಇದೆ. ಅದೇ ಶೂ. ಈ ಗರಗಸದ ಹಲ್ಲುಗಳು ಹಿಂದಕ್ಕೆ ಬರುವಾಗ ಕೊಯ್ಯುವಂತೆ ಕೂಡಿಸಿದವು. ಅಂದರೆ ಪ್ರತಿ ಎಳೆತಕ್ಕೂ ವಸ್ತು ಯಂತ್ರದ ಕಡೆ, ಯಂತ್ರ ವಸ್ತುವಿನ ಕಡೆ ಸೆಳೆದುಕೊಳ್ಳುತ್ತದೆ. ಶೂ ವಸ್ತುವಿಗೆ ಗಟ್ಟಿಯಾಗಿ ಒತ್ತಿಕೊಂಡಿದ್ದರೆ ಆ ಬಲ ಅಲ್ಲಲ್ಲೇ ತೀರಿಹೋಗುತ್ತದೆ. ಎರಡು ಬೆರಳು ಸಂದು ಬಿಟ್ಟಿರೋ, ಪೈಪು ಟಕಟಕ ಬಡಿದುಕೊಳ್ಳುತ್ತದೆ, ಬ್ಲೇಡು ಬಾಗುತ್ತದೆ, ಕೈಗೆ ಜೋಮು ಹಿಡಿಯುತ್ತದೆ. ಯಂತ್ರ ಬಹಳ ನಡುಗುತ್ತದೆ ಎಂದು ದೂರುವವರಲ್ಲಿ ಹೆಚ್ಚಿನವರು ಶೂ ಒತ್ತಿರುವುದಿಲ್ಲ. ಒತ್ತಬೇಕಾದದ್ದು ಶೂವನ್ನು, ಬ್ಲೇಡನ್ನು ಕೆಳಕ್ಕೆ ಒತ್ತುವ ಅಗತ್ಯ ಅಷ್ಟಾಗಿ ಇಲ್ಲ, ಯಂತ್ರದ ತೂಕವೇ ಬಹುಮಟ್ಟಿಗೆ ಸಾಕು.

ಇನ್ನು ತುದಿ. ಬ್ಲೇಡು ಪೂರ್ತಿ ಹಿಂದಕ್ಕೆ ಬಂದಾಗಲೂ ಅದರ ತುದಿ ವಸ್ತುವಿನ ಆಚೆ ಬದಿಯಲ್ಲೇ ಉಳಿದಿರಬೇಕು. ತುದಿ ಒಳಗೆ ಬಂದುಬಿಟ್ಟರೆ, ಮುಂದಿನ ಓಟದಲ್ಲಿ ಅದು ವಸ್ತುವಿನ ಒಳಗೋಡೆಗೆ ಗುದ್ದುತ್ತದೆ. ಒಂದೋ ಬ್ಲೇಡು ಮಡಚುತ್ತದೆ, ಇಲ್ಲವೋ ಯಂತ್ರ ನಿಮ್ಮ ಎದೆಯ ಕಡೆ ಹಾರುತ್ತದೆ. ವಸ್ತುವಿನ ದಪ್ಪಕ್ಕೆ ಮೂರು ಇಂಚು ಕೂಡಿಸಿ ಬ್ಲೇಡು ಆರಿಸಿ. 4 ಇಂಚಿನ ಟೊಂಗೆಗೆ 6 ಇಂಚಿನ ಬ್ಲೇಡು ಸಾಲದು, 9 ಇಂಚಿನದು ಬೇಕು. ಹಾಗಂತ ಅರ್ಧ ಇಂಚಿನ ಸಳಿಗೆ 12 ಇಂಚಿನ ಬ್ಲೇಡು ಹಾಕಿದರೆ ಅದು ಬಾರುಕೋಲಿನಂತೆ ಆಡುತ್ತದೆ.

ಇದೇ ಲೆಕ್ಕ ವಸ್ತುವಿನ ಹಿಂದಿನ ಜಾಗಕ್ಕೂ ಬೇಕು. ಗೋಡೆಗೆ ಅಂಟಿದ ಪೈಪಿಗೆ ಎದುರಿನಿಂದ ಬ್ಲೇಡು ಇಟ್ಟರೆ ತುದಿ ಹೋಗಿ ಗೋಡೆಗೆ ಗುದ್ದುವುದು ಖಚಿತ. ಅಂಥಲ್ಲಿ ಯಂತ್ರವನ್ನು ಪಕ್ಕಕ್ಕೆ ತಂದು, ಬ್ಲೇಡು ಗೋಡೆಗುಂಟ ಓಡುವ ಹಾಗೆ ಹಿಡಿಯಿರಿ. ತುದಿ ಹೊರಬೀಳುವ ಬದಿ ಕೊಯ್ಯುವವರಿಗೆ ಕಾಣಿಸುವುದಿಲ್ಲ. ಆ ಬದಿಯಲ್ಲಿ ಯಾರೂ ನಿಲ್ಲಬಾರದು, ‘ಹಿಡೀತೇನಿ ತಡಿ’ ಎಂದು ಕೈ ಚಾಚುವ ಸಹಾಯಕನೂ.

ಬ್ಲೇಡು

ಪಾಕೀಟಿನ ಮೇಲೆ ಟಿಪಿಐ ಎಂದು ಬರೆದಿರುತ್ತದೆ: ಇಂಚಿಗೆ ಎಷ್ಟು ಹಲ್ಲು ಎಂದು. ಹಸಿ ಟೊಂಗೆಗೆ 5 ಹಲ್ಲಿನದು, ಒಣ ಕಟ್ಟಿಗೆಗೆ 6. ಮೊಳೆ ಇರಬಹುದಾದ ಹಳೇ ಕಟ್ಟಿಗೆಗೆ 10 ಹಲ್ಲಿನ ಬೈಮೆಟಲ್ (ಎರಡು ಲೋಹ ಬೆಸೆದ) ಬ್ಲೇಡೇ ಆಗಬೇಕು. ಬರೀ ಕಟ್ಟಿಗೆಗೆಂದು ಮಾಡಿದ ಸಾದಾ ಉಕ್ಕಿನ ಬ್ಲೇಡಿಗೆ ಒಂದು ಮೊಳೆ ಸಿಕ್ಕರೆ ಹಲ್ಲೆಲ್ಲ ಬೋಳು. 5-6 ಮಿ.ಮೀ. ದಪ್ಪದ ಆಂಗಲ್ ಮತ್ತು ಟಿಎಂಟಿ ಸಳಿಗೆ 14, ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿಗೆ 18, ತೆಳು ತಗಡಿಗೆ 24. ಹಳೇ ಬೀಡುಕಬ್ಬಿಣದ ಪೈಪಿಗೆ ಕಾರ್ಬೈಡ್ ಹಲ್ಲಿನದು ಬೇಕು. ದುಬಾರಿ, ಆದರೆ ಸಾದಾ ಬ್ಲೇಡುಗಳನ್ನು ಒಂದರ ಹಿಂದೆ ಒಂದು ಸವೆಸುವುದಕ್ಕಿಂತ ಅದೇ ಅಗ್ಗ.

ಲೋಹಕ್ಕೆ ಒಂದು ಹಳೇ ಲೆಕ್ಕವಿದೆ: ಯಾವ ಹೊತ್ತಿನಲ್ಲೂ ಮೂರು ಹಲ್ಲು ಲೋಹದೊಳಗೆ ಇರಬೇಕು. 14 ಹಲ್ಲಿನ ಬ್ಲೇಡಿನಲ್ಲಿ ಹಲ್ಲಿನಿಂದ ಹಲ್ಲಿಗೆ ಸುಮಾರು 1.8 ಮಿ.ಮೀ.; 6 ಮಿ.ಮೀ. ದಪ್ಪಕ್ಕೆ ಮೂರು ಹಲ್ಲು ಕೂಡುತ್ತವೆ. ಅದೇ ಬ್ಲೇಡನ್ನು 1 ಮಿ.ಮೀ. ಪತ್ರಾಸಿಗೆ ಇಟ್ಟರೆ ತಗಡಿನ ಅಂಚು ಎರಡು ಹಲ್ಲಿನ ನಡುವಿನ ಗುಂಡಿಯಲ್ಲಿ ಸಿಕ್ಕಿಕೊಂಡು, ಹಲ್ಲು ಮುರಿದು ಸಿಡಿಯುತ್ತದೆ. ಕೈಲಿರುವ ಬ್ಲೇಡಿಗೆ ತಗಡು ತುಸು ತೆಳುವೆನಿಸಿದರೆ ಬ್ಲೇಡನ್ನು ಓರೆ ಮಾಡಿ ಇಡಿ, ಹೆಚ್ಚು ಹಲ್ಲು ತಾಗುತ್ತವೆ.

ಬದಲಿಸುವಾಗ ಮೊದಲು ಬ್ಯಾಟರಿ ಹೊರಗೆ. ಟ್ರಿಗರ್ ಲಾಕ್ ಇದೆಯಲ್ಲ ಎಂಬ ಸಮಾಧಾನ ಇಲ್ಲಿ ಸಲ್ಲದು. ಲೋಹ ಕೊಯ್ದ ಬ್ಲೇಡು ಚರ್ಮ ಸುಡುವಷ್ಟು ಕಾದಿರುತ್ತದೆ. ಯಂತ್ರವನ್ನು ಬಗ್ಗಿಸಿ, ಬ್ಲೇಡಿನ ಬುಡ ಹಿಡಿದಿರುವ ಕಾಲರ್ ತಿರುಗಿಸಿದರೆ ತಾನೇ ಕೆಳಗೆ ಬೀಳುತ್ತದೆ. ಹೊಸದನ್ನು ಬುಡದವರೆಗೆ ತೂರಿಸಿ, ಕಾಲರ್ ಕಟ್ ಎಂದು ಕೂತ ಮೇಲೆ ಕೈಗವಸಿನಲ್ಲಿ ಹಿಡಿದು ಒಮ್ಮೆ ಜಗ್ಗಿ ನೋಡಿ. ಬರಬಾರದು. ಬಂತೆಂದರೆ ಕಾಲರ್ ಒಳಗೆ ಹೊಟ್ಟು, ಮಣ್ಣು ತುಂಬಿದೆ; ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತೆಗೆಯಿರಿ. ಸ್ವಲ್ಪ ಬಾಗಿದ ಬ್ಲೇಡನ್ನು ಸುತ್ತಿಗೆಯಿಂದ ನೆಟ್ಟಗೆ ಮಾಡಿ ಒರಟು ಕೆಲಸಕ್ಕೆ ಬಳಸುವವರಿದ್ದಾರೆ, ನಡೆದೀತು. ಬುಡದ ಹತ್ತಿರ ಸೀಳು ಬಿಟ್ಟದ್ದು ಮಾತ್ರ ಬೇಡ.

ಕೊಯ್ಯುವ ಮೊದಲು

ಗಾಗಲ್ ಐಎಸ್ 5983 ಗುರುತಿನದು ಇರಲಿ. ಓದುವ ಚಸ್ಮಾ ಗಾಗಲ್ ಅಲ್ಲ. ಕಿವಿಗೆ ಪ್ಲಗ್, ಕೈಗೆ ಬಿಗಿಯಾಗಿ ಕೂಡುವ ಚರ್ಮದ ಗವಸು, ಕಾಲಿಗೆ ಮುಚ್ಚಿದ ಶೂ. ತಲೆಯ ಮೇಲಿಂದ ಏನಾದರೂ ಬೀಳುವಂತಿದ್ದರೆ ಐಎಸ್ 2925 ಹೆಲ್ಮೆಟ್. ಧೋತರ, ಲುಂಗಿ, ಹೆಗಲ ಮೇಲಿನ ಟವೆಲ್ ಕೆಲಸ ಮುಗಿಯುವವರೆಗೆ ದೂರ.

ಹಳೇ ಬಾಗಿಲು, ಕಿಟಕಿಯ ಬಣ್ಣಕ್ಕೆ ಎನ್95 ಮಾಸ್ಕ್ ಬೇಕೇ ಬೇಕು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ ದಾಟಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣದ ಪದರದಲ್ಲಿ ಸೀಸ ಇದೆ ಎಂದೇ ತಿಳಿದು ನಡೆಯಿರಿ. ಹಳೇ ಸಿಮೆಂಟ್ ಶೀಟನ್ನಂತೂ ಈ ಗರಗಸದಿಂದ ಮುಟ್ಟಲೇಬೇಡಿ. ಅದರಲ್ಲಿ ಕಲ್ನಾರು ಇರುತ್ತದೆ. ಅದರ ಧೂಳು ಶ್ವಾಸಕೋಶಕ್ಕೆ ಸೇರಿದರೆ ಹೊರಗೆ ಬರುವುದಿಲ್ಲ. ನೀರು ಚಿಮುಕಿಸಿ, ಬೋಲ್ಟುಗಳನ್ನು ಪಾನಾ ಹಾಕಿ ಬಿಚ್ಚಿ, ಇಡೀ ಶೀಟನ್ನೇ ಇಳಿಸಿ.

ಗೋಡೆ ಕೊಯ್ಯುವುದಿದ್ದರೆ ಮೇನ್ ಸ್ವಿಚ್ ಕೆಳಗೆ ಮಾಡಿ, ಆಮೇಲೆ ಇನ್ವರ್ಟರನ್ನೂ ಬಂದ್ ಮಾಡಿ. ಇದನ್ನು ಮರೆಯುವವರೇ ಬಹಳ. ‘ಕರೆಂಟ್ ಹೋಗೇತಿ, ಈಗ ಕೊಯ್ದಬಿಡೂಣು’ ಎನ್ನುವ ಹೊತ್ತಿಗೆ ಹೋಗಿರುವುದು ಹೆಸ್ಕಾಂ ಕರೆಂಟು ಮಾತ್ರ. ಇನ್ವರ್ಟರ್ ಅದೇ 230 ವೋಲ್ಟನ್ನು ಗೋಡೆಯೊಳಗಿನ ವಯರಿಗೆ ಕೊಡುತ್ತಲೇ ಇರುತ್ತದೆ. ಯಂತ್ರದ ಮುಂಭಾಗ ಲೋಹದ್ದು, ಬ್ಲೇಡು ಲೋಹದ್ದು. ಜೀವ ಇರುವ ವಯರ್ ಕೊಯ್ದರೆ ಕರೆಂಟು ಕೈವರೆಗೂ ಬರುತ್ತದೆ. ಆದ್ದರಿಂದ ಹಿಡಿಯುವುದು ರಬ್ಬರ್ ಹೊದಿಸಿದ ಜಾಗದಲ್ಲೇ. ಸ್ವಿಚ್‌ಬೋರ್ಡಿನಿಂದ ನೇರ ಮೇಲೆ, ನೇರ ಕೆಳಗೆ ವಯರ್ ಓಡಿರುತ್ತದೆ ಎಂಬುದು ಗೌಂಡಿಗಳಿಗೆಲ್ಲ ಗೊತ್ತು, ಆದರೆ ಹಳೇ ಮನೆಯಲ್ಲಿ ಓರೆಯಾಗಿ ಎಳೆದದ್ದೂ ಉಂಟು. ಅನುಮಾನವಿದ್ದಲ್ಲಿ ಮೊದಲು ಚಾಣದಿಂದ ಬಿಡಿಸಿ, ಕಣ್ಣಿಂದ ನೋಡಿ.

ನೀರಿನ ಪೈಪಿಗೆ ಮೇಲಿನ ಟ್ಯಾಂಕಿನ ವಾಲ್ವ್ ಮುಚ್ಚಿ, ಕೆಳಗಿನ ನಲ್ಲಿ ಬಿಟ್ಟು ಖಾಲಿ ಮಾಡಿ. ಪೈಪಿನ ಗ್ಯಾಸ್ ಬಂದ ಮನೆಗಳಲ್ಲಿ ಯಾವ ಪೈಪು ಯಾವುದರದ್ದು ಎಂದು ಮೀಟರಿನಿಂದ ಗುರುತು ಹಿಡಿದುಕೊಂಡು ಬರುವವರೆಗೆ ಬ್ಲೇಡು ಇಡಬೇಡಿ. ಪೆಟ್ರೋಲ್, ಡೀಸೆಲ್ ಇದ್ದ ಬ್ಯಾರಲ್ ಖಾಲಿಯಾಗಿದ್ದರೂ ಕೊಯ್ಯಬಾರದು. ಒಳಗಿನ ಆವಿಗೆ ಒಂದು ಕಿಡಿ ಸಾಕು.

ಕೊಯ್ಯುವ ಕ್ರಮ

ಸಣ್ಣ ವಸ್ತುವನ್ನು ವೈಸ್‌ನಲ್ಲೋ ಕ್ಲಾಂಪಿನಲ್ಲೋ ಬಿಗಿಯಿರಿ. ಕಾಲಿನಿಂದ ತುಳಿದು ಹಿಡಿಯುವುದು ಕೈಗರಗಸಕ್ಕೆ ಆಯಿತು, ಇದಕ್ಕಲ್ಲ. ಗುರುತು ಹಾಕಿ. ಎರಡೂ ಕೈಯಲ್ಲಿ ಯಂತ್ರ ಹಿಡಿದು, ಒಂದು ಕಾಲು ಮುಂದೆ ಒಂದು ಹಿಂದೆ ಊರಿ, ಮುಖ ಬ್ಲೇಡಿನ ನೇರಕ್ಕೆ ಬರದಂತೆ ತುಸು ಪಕ್ಕಕ್ಕೆ ನಿಲ್ಲಿ. ಶೂವನ್ನು ವಸ್ತುವಿಗೆ ಒತ್ತಿ. ಹಲ್ಲು ಇನ್ನೂ ಒಂದು ಕೂದಲೆಳೆ ದೂರ ಇರಲಿ. ಟ್ರಿಗರ್ ಮೆಲ್ಲಗೆ ಒತ್ತಿ ನಿಧಾನಕ್ಕೆ ಓಡಿಸಿ, ಹಲ್ಲನ್ನು ಇಳಿಸಿ. ಒಂದೆರಡು ಮಿಲಿಮೀಟರ್ ಕೊಯ್ತ ಬಿದ್ದ ಮೇಲೆ ವೇಗ ಏರಿಸಿ. ಹಲ್ಲು ತಾಗಿಸಿಟ್ಟು ಒಮ್ಮೆಲೇ ಪೂರ್ತಿ ಟ್ರಿಗರ್ ಒತ್ತಿದರೆ ಬ್ಲೇಡು ಗುರುತಿನ ಮೇಲಿಂದ ಜಿಗಿದು ಎಲ್ಲೆಲ್ಲೋ ಗೀರುತ್ತದೆ.

ಬ್ಲೇಡನ್ನು ತುಸು ಮೇಲೆ ಕೆಳಗೆ ತೂಗಿಸುತ್ತ ಓಡಿಸುವ ಆರ್ಬಿಟಲ್ ಗುಂಡಿ ಇದ್ದರೆ ಕಟ್ಟಿಗೆಗೆ ಚಾಲೂ, ಲೋಹಕ್ಕೆ ಬಂದ್. ಲೋಹಕ್ಕೆ ವೇಗವೂ ಅರ್ಧಕ್ಕಿಂತ ಕಡಿಮೆ ಇರಲಿ, ಒಂದೆರಡು ಹನಿ ಎಣ್ಣೆ ಬಿಡಿ. ಬೇಗ ಮುಗಿಯಲೆಂದು ಜೋರು ಮಾಡಿದಷ್ಟೂ ಹಲ್ಲು ಕಾಯುತ್ತದೆ, ಕಾದ ಹಲ್ಲು ಮೊಂಡಾಗುತ್ತದೆ, ಮೊಂಡಾದ ಹಲ್ಲಿಗೆ ಮತ್ತಷ್ಟು ಒತ್ತುತ್ತೀರಿ. ಬ್ಲೇಡು ನೀಲಿ ತಿರುಗಿದ್ದರೆ ಅದರ ಆಯುಷ್ಯ ಮುಗಿಯಿತು.

ಕೊನೆಯ ಅರ್ಧ ಇಂಚಿಗೆ ಟ್ರಿಗರ್ ಸಡಿಲಿಸಿ. ಎದುರೊತ್ತು ತಪ್ಪಿದೊಡನೆ ಯಂತ್ರ ಮುಂದಕ್ಕೆ ಮುಗ್ಗರಿಸುತ್ತದೆ. ಮೊಣಕಾಲಿಗೆ ಗಾಯವಾಗುವುದು ಹೆಚ್ಚಾಗಿ ಇಲ್ಲೇ. ಟ್ರಿಗರ್ ಬಿಟ್ಟ ಮೇಲೂ ಬ್ಲೇಡು ಪೂರ್ತಿ ನಿಲ್ಲುವವರೆಗೆ ಸಂದಿನಿಂದ ಎಳೆಯಬೇಡಿ, ಯಂತ್ರ ಕೆಳಗಿಡಬೇಡಿ.

ಬ್ಲೇಡು ಕಚ್ಚಿಕೊಳ್ಳುವುದು ಯಾಕೆ

ಹೊಸಬರು ಇದನ್ನು ಬ್ಯಾಟರಿ ಶಕ್ತಿಯ ಕೊರತೆ ಎಂದುಕೊಳ್ಳುತ್ತಾರೆ. ಕಾರಣ ಇರುವುದು ವಸ್ತುವಿನ ಭಾರದಲ್ಲಿ. ಎರಡೂ ತುದಿ ಗೋಡೆಯ ಮೇಲೆ ಕೂತ ತೊಲೆಯನ್ನು ನೆನೆಯಿರಿ. ನಡುಭಾಗ ತುಸು ಜೋತಿರುತ್ತದೆ, ಅಂದರೆ ಮೇಲ್ಮೈ ಒಂದನ್ನೊಂದು ಒತ್ತುತ್ತಿದೆ, ಕೆಳಮೈ ಹಿಗ್ಗುತ್ತಿದೆ. ಮೇಲಿಂದ ಕೊಯ್ಯುತ್ತ ಹೋದರೆ ಸಂದು ಮುಚ್ಚಿಕೊಂಡು ಬ್ಲೇಡನ್ನು ಇಕ್ಕಳದಂತೆ ಹಿಡಿಯುತ್ತದೆ. ಮೇಲಿಂದ ಮೂರನೇ ಒಂದು ಪಾಲು ಮಾತ್ರ ಕೊಯ್ದು, ಸಂದಿಗೆ ಕಟ್ಟಿಗೆಯ ಬೆಣೆ ಬಡಿದು, ಉಳಿದದ್ದನ್ನು ಕೆಳಗಿನಿಂದ ಮೇಲಕ್ಕೆ ಮುಗಿಸಬೇಕು. ಒಂದೇ ಬುಡಕ್ಕೆ ಅಂಟಿ ಚಾಚಿದ ಟೊಂಗೆಯಲ್ಲಿ ಇದು ತಿರುವುಮುರುವು: ಮೇಲ್ಮೈ ಹಿಗ್ಗಿದೆ, ಕೆಳಮೈ ಒತ್ತಿದೆ. ಅಲ್ಲಿ ಮೊದಲ ಕೊಯ್ತ ಕೆಳಗಿನಿಂದ, ಮುಗಿಸುವುದು ಮೇಲಿಂದ. ಒಂದೇ ಸೂತ್ರ ನೆನಪಿಟ್ಟರೆ ಸಾಕು: ಒತ್ತಿರುವ ಬದಿಯಿಂದ ಸ್ವಲ್ಪ, ಹಿಗ್ಗಿರುವ ಬದಿಯಿಂದ ಉಳಿದದ್ದು.

ಕಚ್ಚಿಕೊಂಡೇಬಿಟ್ಟರೆ ಟ್ರಿಗರ್ ಬಿಡಿ, ಬ್ಯಾಟರಿ ತೆಗೆಯಿರಿ, ಬೆಣೆಯಿಂದಲೋ ಹಾರೆಯಿಂದಲೋ ಸಂದು ತೆರೆದು ಬ್ಲೇಡು ಬಿಡಿಸಿ. ಯಂತ್ರ ಓಡಿಸುತ್ತಲೇ ಅಲ್ಲಾಡಿಸಿದರೆ ಬ್ಲೇಡು ಮುರಿದು ಹಾರುತ್ತದೆ.

ಹಳೇ ಮಾಳಿಗೆ ಮನೆ

ಗದಗ ಸೀಮೆಯ ಮಣ್ಣಿನ ಮಾಳಿಗೆಯಲ್ಲಿ ಜಂತಿಗಳ ಮೇಲೆ ಹೇರಿದ ಮಣ್ಣು ಸಾಮಾನ್ಯ ಭಾರವಲ್ಲ, ಮಳೆಗಾಲದಲ್ಲಿ ನೀರು ಕುಡಿದ ಮೇಲೆ ಕೇಳುವುದೇ ಬೇಡ. ಮೊದಲು ಮಣ್ಣು ಪೂರ್ತಿ ಇಳಿಸಿ, ಆಮೇಲೆ ಹಲಗೆ, ಆಮೇಲೆ ಜಂತಿ, ಕೊನೆಗೆ ತೊಲೆ. ಕೊಯ್ಯುವ ತೊಲೆಗೆ ಕೊಯ್ತದ ಎರಡೂ ಬದಿಗೆ ಟೇಕು (ಆಸರೆಗಂಬ) ಕೊಡಿ. ಒಂದೇ ಬದಿಗೆ ಕೊಟ್ಟರೆ ಇನ್ನೊಂದು ತುಂಡು ಯಾರ ಮೇಲಾದರೂ ಬೀಳುತ್ತದೆ. ಯಾವ ತೊಲೆ ಗೋಡೆಯನ್ನು ಹಿಡಿದು ನಿಲ್ಲಿಸಿದೆ ಎಂಬುದನ್ನು ಅನುಭವಿ ಗೌಂಡಿಗೋ ಎಂಜಿನಿಯರಿಗೋ ಕೇಳಿಯೇ ಬ್ಲೇಡು ಇಡಿ.

ಇಲ್ಲಿ ಈ ಗರಗಸದ ನಿಜವಾದ ಉಪಯೋಗ ತೊಲೆ ತುಂಡರಿಸುವುದರಲ್ಲಿ ಇಲ್ಲ. ಹಳೇ ಸಾಗವಾನಿಗೆ ಬೆಲೆ ಇದೆ, ಇಡಿಯಾಗಿ ಇಳಿಸಿದರೆ ಮಾತ್ರ. ಹಾರೆ ಹಾಕಿ ಮೀಟಿದರೆ ಮೊಳೆ ಇದ್ದಲ್ಲಿ ಕಟ್ಟಿಗೆ ಸೀಳುತ್ತದೆ. ಬದಲಿಗೆ ಎರಡು ಕಟ್ಟಿಗೆಗಳ ಸಂದಿನಲ್ಲಿ ತೆಳು ಬೈಮೆಟಲ್ ಬ್ಲೇಡು ತೂರಿಸಿ ಮೊಳೆಗಳನ್ನಷ್ಟೇ ಕೊಯ್ಯಿರಿ. ಬಾಗಿಲ ಚೌಕಟ್ಟಿಗೂ ಇದೇ ಉಪಾಯ: ಗೋಡೆಗೂ ಚೌಕಟ್ಟಿಗೂ ನಡುವಿನ ಗಾರೆ ಕೆದರಿ, 9 ಇಂಚಿನ 14 ಹಲ್ಲಿನ ಬ್ಲೇಡು ಇಳಿಸಿ, ಚೌಕಟ್ಟನ್ನು ಗೋಡೆಗೆ ಹಿಡಿದಿಡುವ ಕಬ್ಬಿಣದ ಪಟ್ಟಿಗಳನ್ನು (ಹೋಲ್ಡ್‌ಫಾಸ್ಟ್) ಕೊಯ್ದರೆ ಹೊಸ್ತಿಲ ಸಮೇತ ಚೌಕಟ್ಟು ಇಡಿಯಾಗಿ ಹೊರಬರುತ್ತದೆ. ಇಟ್ಟಿಗೆ, ಕಲ್ಲಿಗೆ ಹಲ್ಲು ತಾಗಿದರೆ ಕಿರ್ರೆಂದು ದನಿ ಬದಲಾಗುತ್ತದೆ. ಕೇಳಿದ ಕೂಡಲೇ ನಿಲ್ಲಿಸಿ.

ಮರದ ಕೆಲಸ

ಧಾರವಾಡ, ಹಾವೇರಿ ಕಡೆಯ ಮಾವಿನ ತೋಟದವರು ಹಣ್ಣು ಇಳಿಸಿದ ಮೇಲೆ ಟೊಂಗೆ ಸವರಲು ಇದನ್ನು ಬಳಸಬಹುದು. ನಾಲ್ಕು ಇಂಚಿನವರೆಗೆ ಹಗುರಾಗಿ ಆಗುತ್ತದೆ, ಆರು ಇಂಚು ದಾಟಿದರೆ ಚೈನ್ ಸಾ ಕೆಲಸ. ಮೂರು ಕೊಯ್ತದಲ್ಲಿ ತೆಗೆಯಿರಿ: ಬುಡದಿಂದ ಒಂದಡಿ ದೂರ ಕೆಳಗಿನಿಂದ ಕಾಲು ಭಾಗ, ಅದರಿಂದ ಎರಡು ಇಂಚು ಆಚೆ ಮೇಲಿಂದ ಪೂರ್ತಿ, ಟೊಂಗೆ ಬೀಳುತ್ತದೆ, ಕೊನೆಗೆ ಉಳಿದ ಮೋಟನ್ನು ಬುಡದ ಉಬ್ಬಿಗೆ ತಾಗದಂತೆ ಅದರ ಹೊರಗೆ. ನೇರ ಮೇಲಿಂದ ಒಂದೇ ಸಲ ಕೊಯ್ದರೆ ಟೊಂಗೆ ಮುರಿದು ಕಾಂಡದ ತೊಗಟೆಯನ್ನು ಸುಲಿದುಕೊಂಡು ಬೀಳುತ್ತದೆ. ದೊಡ್ಡ ಗಾಯಕ್ಕೆ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ಮುಲಾಮು ಹಚ್ಚಿ. ಮಾವಿನ ಸೊನೆ ಚರ್ಮ ಸುಡುತ್ತದೆ, ತುಂಬು ತೋಳಿನ ಅಂಗಿ ಇರಲಿ.

ಏಣಿ ಮೇಲೆ ನಿಂತು ಈ ಯಂತ್ರ ಓಡಿಸಬೇಡಿ. ಎರಡೂ ಕೈ ಯಂತ್ರಕ್ಕೆ ಬೇಕು, ಏಣಿಗೆ ಮೂರನೆಯ ಕೈ ಎಲ್ಲಿಂದ? ಹೆಸ್ಕಾಂ ತಂತಿಯ ಸಮೀಪದ ಟೊಂಗೆಗೆ 1912ಕ್ಕೆ ಫೋನ್ ಮಾಡಿ, ಲೈನ್ ಬಂದ್ ಮಾಡಿಸಿ, ಅವರೇ ತೆಗೆಯಲಿ. ಇಡೀ ಮರ ಕೆಡವುವುದಿದ್ದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ಕೆಲವು ಜಾತಿಗಳಿಗೆ ವಿನಾಯಿತಿ ಬಿಟ್ಟರೆ ವೃಕ್ಷ ಅಧಿಕಾರಿಯ ಅನುಮತಿ ಬೇಕು, ಮರ ನಿಮ್ಮ ಹಿತ್ತಲಿನದೇ ಆಗಿದ್ದರೂ.

ಗಾಯವಾದರೆ: ಹಲ್ಲಿನ ಗಾಯ ಹರಿದಂತೆ ಇರುತ್ತದೆ, ರಕ್ತ ಬೇಗ ಹೋಗುತ್ತದೆ. ಶುದ್ಧ ಬಟ್ಟೆಯಿಂದ ಬಿಡದೆ ಒತ್ತಿ ಹಿಡಿಯಿರಿ, ಆಗಾಗ ಎತ್ತಿ ನೋಡಬೇಡಿ, 108ಕ್ಕೆ ಕರೆ ಮಾಡಿ. ಚುಚ್ಚಿಕೊಂಡು ಒಳಗೇ ಉಳಿದ ಬ್ಲೇಡಿನ ತುಂಡನ್ನು ಕೀಳಬೇಡಿ. ತುಕ್ಕಿನ ಮೊಳೆ ಕೊಯ್ದ ಬ್ಲೇಡಾದರೆ ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ವೈದ್ಯರಿಗೆ ನೆನಪು ಮಾಡಿ.

ಬ್ಯಾಟರಿ ಮತ್ತು ಹಳೇ ಬ್ಲೇಡು

18 ವೋಲ್ಟ್, 5 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 90 ವ್ಯಾಟ್-ಅವರ್ ಶಕ್ತಿ ಅಡಗಿರುತ್ತದೆ. ಏಪ್ರಿಲ್-ಮೇ ಬಿಸಿಲಿನಲ್ಲಿ ಪತ್ರಾಸ್ ಶೆಡ್ಡಿನೊಳಗೆ, ಗಾಜು ಮುಚ್ಚಿದ ಕಾರಿನಲ್ಲಿ ಅದನ್ನು ಬಿಡಬೇಡಿ. ಕೆಲಸ ಮುಗಿದ ಕೂಡಲೇ ಕಾದ ಬ್ಯಾಟರಿ ಸಿಕ್ಕಿಸಿದರೆ ಬಹುತೇಕ ಚಾರ್ಜರುಗಳು ದೀಪ ಮಿನುಗಿಸಿ ಸುಮ್ಮನಿರುತ್ತವೆ. ಅದು ಕೆಟ್ಟಿಲ್ಲ, ತಣಿಯಲೆಂದು ಕಾಯುತ್ತಿದೆ. ಅರ್ಧ ತಾಸು ನೆರಳಲ್ಲಿಡಿ, ನೀರಲ್ಲಿ ಅದ್ದಬೇಡಿ. ಮೊಳೆ, ಸ್ಕ್ರೂ ಇರುವ ಡಬ್ಬಿಯಲ್ಲಿ ಬ್ಯಾಟರಿ ಹಾಕಿದರೆ ಕಾಂಟ್ಯಾಕ್ಟುಗಳು ಕೂಡಿಕೊಂಡು ಬೆಂಕಿ ಹತ್ತಬಹುದು. ಉಬ್ಬಿದ್ದು, ಬಿದ್ದು ಬಿರಿದದ್ದು, ನೀರು ಹೊಕ್ಕದ್ದು ಮತ್ತೆ ಚಾರ್ಜರಿಗೆ ಹೋಗಬಾರದು. ಇ-ತ್ಯಾಜ್ಯ ಕೊಳ್ಳುವವರಿಗೆ ಕೊಡಿ. ತಿಂಗಳುಗಟ್ಟಲೆ ಬಳಸದಿದ್ದರೆ ಅರ್ಧ ಚಾರ್ಜಿನಲ್ಲಿ ತೆಗೆದಿಡಿ.

ಸವೆದ ಬ್ಲೇಡುಗಳನ್ನು ಹಾಗೇ ಕಸದ ಬುಟ್ಟಿಗೆ ಎಸೆದರೆ ಅವು ಸಿಗುವುದು ಕಸ ಬೇರ್ಪಡಿಸುವ ಪೌರಕಾರ್ಮಿಕರ ಕೈಗೆ. ಹಳೇ ಪಿವಿಸಿ ಪೈಪಿನ ತುಂಡಿಗೆ ಒಂದು ಬದಿ ಮುಚ್ಚಳ ಹಾಕಿ, ಅದರೊಳಗೆ ಕೂಡಿಟ್ಟು, ತುಂಬಿದ ಮೇಲೆ ಗುಜರಿಯವರಿಗೆ ಹಾಕಿ.